ತಂತಿ ಬಿಚ್ಚಿದ ಮೇಲೆ

ಹಳಿಯಾಳದ ಗೆಳೆಯ ರಿಯಾಜ ಕೊಟ್ಟ ಹಳೆಯ ಬೇಸ್ ಗಿಟಾರನ್ನು ದಾಂಡೇಲಿಯ ನಮ್ಮ ಮನೆಯ ಗೋಡೆಗೆ ತೂಗುಹಾಕಿದ್ದೆ. ಅದರ ತಲೆಗೆ ಸಿಕ್ಕಿಸಿದ ಟ್ಯೂನರ್, ತಂತಿ ನಡುಗಿದರೆ ಮಾತ್ರ ಆ ಸ್ವರದ ಇಂಗ್ಲಿಷ್ ಅಕ್ಷರ ತೋರಿಸುತ್ತದೆ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಾಗಲೆಲ್ಲ ಅದರಲ್ಲಿ ಹಸಿರು 'ಇ' ಉರಿಯುತ್ತಿತ್ತು. ಗಿಟಾರಿನ ಕತ್ತು ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ ಬೆಚ್ಚಗಿರುತ್ತಿತ್ತು.

ತಂಗಿ ಜ್ಯೂಲಿಯ ಮೇಲೆ ನನಗೆ ಗುಮಾನಿ.

"ಕದ್ದು ಬಾರಸಾಕಿ ನೀನ ಹೌದಿಲ್ಲೊ?"

"ಇಲ್ಲೋ ಅಣ್ಣಾ, ಅದರ ಹತ್ರ ಹೋಗಾಕ ನನಗ ಹೆದರಿಕಿ ಬರ್ತೈತಿ."

ನಾನು ನಂಬಲಿಲ್ಲ.

ಭಾನುವಾರ ಚರ್ಚಿನಲ್ಲಿ ನುಡಿಸಬೇಕಿತ್ತು. ಶನಿವಾರ ಮಧ್ಯಾಹ್ನ ಹೊಸ ತಂತಿ ಹಾಕಲೆಂದು ಹಳೆಯ ನಾಲ್ಕನ್ನೂ ಬಿಚ್ಚಿ, ಸುತ್ತಿ, ಜ್ಯೂಲಿಯ ಕೈಗಿಟ್ಟೆ. ಬೋಳು ಗಿಟಾರನ್ನು ಗೋಡೆಗೆ ಒರಗಿಸಿದೆ.

ಟ್ಯೂನರಿನಲ್ಲಿ ಹಸಿರು 'ಇ' ಹೊತ್ತಿಕೊಂಡಿತು.

ನಾನು ಜ್ಯೂಲಿಯತ್ತ ತಿರುಗಿದೆ. ಅವಳು ಮುಷ್ಟಿ ಬಿಚ್ಚಿ ತೋರಿಸಿದಳು.

"ಅಣ್ಣಾ, ತಂತಿ ನಾಕೂ ನನ್ನ ಕೈಯಾಗ ಅದಾವ."