ಮೀನಿನ ಕಣ್ಣಿನ ಚಾಕು

ಬಟ್ಟೆ ಕತ್ತರಿಸುವ ಯಂತ್ರಕ್ಕೆ ಲಲಿತಾಳ ಬಲಗೈಯ ನಾಲ್ಕು ಬೆರಳು ಸಿಕ್ಕಿದಾಗ ಮಧ್ಯಾಹ್ನ ಮೂರೂಕಾಲು ಗಂಟೆ. ಮಾಲು ನೋಡಲು ಬಂದ ದೊಡ್ಡ ಗಿರಾಕಿಗಳು ಆಫೀಸಿನಲ್ಲಿ ಊಟಕ್ಕೆ ಕೂತಿದ್ದರು. ಮಾಲೀಕ ಉಮಾಮಹೇಶ್ವರ ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ. ಐದು ಗಂಟೆಗೆ ಗಿರಾಕಿಗಳ ಕಾರು ಹೋಯಿತು. ಬೀಗ ತೆಗೆದರು. ಲಲಿತಾ ಸತ್ತಿದ್ದಳು. ಪೊಲೀಸರು ಬಂದು ಈಕೆ ಯಾರು ಎಂದು ಕೇಳಿದಾಗ ಉಮಾಮಹೇಶ್ವರ, “ನಂದಲ್ರಿ. ಈ ಹೆಣ ನಮ್ಮ ಶೆಡ್ಡಿಂದಲ್ಲ” ಅಂದ. ಹಾಗೆಯೇ ಬರೆದುಕೊಂಡರು.

ಇದಾಗಿ ಐದು ತಿಂಗಳಿಗೆ ಮಡಕಶಿರಾ ಕಡೆಯ ರಘುನಾಥ್, ರಾಯದುರ್ಗದ ಆ ಜೀನ್ಸ್ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಬಂದ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಗೇಟಿನೆದುರು ಜಾಲಿಗಿಡದ ಬುಡದಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕಿಯೊಬ್ಬಳು ಎದ್ದು ಅವನ ದಾರಿಗೆ ಅಡ್ಡ ನಿಂತಳು. ಉರಿಬಿಸಿಲು. ಆದರೂ ಕಂಬಳಿ. ಕುರಿಹಟ್ಟಿಯ ವಾಸನೆ.

“ಹೊಸಾ ಸೂಪರ್‌ವೈಜರ್ ಏನ್ರಿ?”

“ಹೌದಜ್ಜಿ. ಏನಾಗ್ಬೇಕು?”

“ಒಳಗ ತಟ್ಟಿ ತಂದು ಮುಂದಿಡ್ತಾರ. ಯಾವುದು ನಿಂದು ಅಂತ ಕೇಳ್ತಾರ. ಏನರ ತಗೋರಿ, ಬಿಡ್ರಿ. ಬಾಯಿಬಿಟ್ಟು ನಂದು ಅನಬ್ಯಾಡ್ರಿ.”

ರಘುನಾಥ್ ನಕ್ಕ. ದೆವ್ವ ಇದ್ದರೆ ಆಧಾರ್ ಕಾರ್ಡು ತೋರಿಸಲಿ ಎಂದು ಊರಲ್ಲಿ ಪೂಜಾರಿಯನ್ನೇ ಅಣಕಿಸಿ ಬಂದವನು ಅವನು. “ಆಗ್ಲಿ ಬಿಡಜ್ಜಿ. ಕೇಳಿದ್ರೆ ನಿಂದು ಅಂತೀನಿ.”

ಮುದುಕಿ ನಗಲಿಲ್ಲ. “ನಂದಾದದ್ದು ಹೋತು,” ಅಂದು ಮತ್ತೆ ಹೋಗಿ ನೆರಳಿಗೆ ಕೂತಳು.

ಆ ಶೆಡ್ಡಿಗೊಂದು ಪದ್ಧತಿ ಇತ್ತು. ಕೆಲಸಕ್ಕೆ ಸೇರಿದ ದಿನ ಹೊಸಬರ ಮುಂದೆ ಒಂದು ತಟ್ಟೆ ತಂದಿಡುತ್ತಾರೆ. ಹೊಲಿದ ಪ್ಯಾಂಟಿನಿಂದ ಜೋಲುವ ನೂಲು ಕತ್ತರಿಸುವ ಪುಟ್ಟ ಕತ್ತರಿಗಳು ಅದರಲ್ಲಿರುತ್ತವೆ. “ಯಾವುದು ನಿಂದು?” ಎಂದು ಕೇಳಬೇಕು. “ಇದು ನಂದು” ಎಂದು ಎತ್ತಿಕೊಳ್ಳಬೇಕು. ಆಮೇಲೆ ಆ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇನ್ನೊಬ್ಬರ ಅಲಗು ಹಿಡಿದರೆ ಅವರ ಕೈಗಾಯ ತನಗೆ ಬರುತ್ತದೆ ಎಂದು ಅಲ್ಲಿನ ಹೆಂಗಸರ ನಂಬಿಕೆ.

ರಘುನಾಥನ ಮುಂದೆ ತಟ್ಟೆ ತಂದವನು ಸ್ವತಃ ಉಮಾಮಹೇಶ್ವರ. ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. “ಇಸ್ತ್ರಿ ತಾಗಿ ಸುಟ್ಟೈತಿ,” ಅಂದ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅಡಿಕೆ, ಮಾತಿಗೊಮ್ಮೆ ‘ತಮ್ಮಾ’. ಅಂದು ಮಧ್ಯಾಹ್ನ ತನ್ನ ಮನೆಯಲ್ಲೇ ರೊಟ್ಟಿ, ಎಣ್ಣೆಗಾಯಿ ಉಣ್ಣಿಸಿದ್ದ. ತಾನು ಮಾತ್ರ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿಂದಿದ್ದ. ಅಪ್ಪನಿಲ್ಲದೆ ಬೆಳೆದ ರಘುನಾಥನಿಗೆ ಬೆನ್ನು ತಟ್ಟುವ ಅಣ್ಣ ಸಿಕ್ಕಿದ್ದು ಇದೇ ಮೊದಲು.

“ನಿನಗ ಕತ್ತರಿ ಯಾಕ ತಮ್ಮಾ? ನಿನ್ನ ಹುಚ್ಚು ನನಗ ಗೊತ್ತೈತಿ. ನೋಡು.”

ತಟ್ಟೆಯಲ್ಲಿ ಐದು ಬಟನ್ ಚಾಕು. ಒಂದು ಸಿಗರೇಟು ಲೈಟರಿನಂತೆ. ಒಂದು ಬೀಗದ ಕೈಯಂತೆ. ಒಂದು ಪೆನ್ನು. ಒಂದು ಹೆಬ್ಬೆರಳುದ್ದದ ಪಿಸ್ತೂಲು. ಕೊನೆಯದು ಮೀನು.

ರಘುನಾಥನ ಕಣ್ಣರಳಿದವು. ಚಾಕು ಕೂಡಿಡುವುದು ಅವನ ಒಂದೇ ಚಟ. ಮನೆಯ ಟ್ರಂಕಿನಲ್ಲಿ ಮೂವತ್ತೆರಡಿದ್ದವು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಬಟನ್ ಒತ್ತಿದ. ಲೈಟರಿನ ಸ್ಪ್ರಿಂಗು ಸೋತಿತ್ತು. ಬೀಗದ ಕೈಯ ಅಲಗು ಬುಡದಲ್ಲಿ ಅಲ್ಲಾಡುತ್ತಿತ್ತು. ಪೆನ್ನಿನದು ಚೆನ್ನಾಗಿತ್ತು, ಆದರೆ ಬಟನ್ ಮೇಲೆದ್ದಿತ್ತು. ದಿನಾ ಜೇಬಿನಲ್ಲಿಡುವ ಚಾಕುವಿಗೆ ಒಂದೇ ಕಾನೂನು: ಕೇಳದೆ ಬಾಯಿ ಬಿಡಬಾರದು. ಪಿಸ್ತೂಲು ನೋಡಿದರೆ ಬಸ್ಸಿನಲ್ಲಿ ಪೊಲೀಸರೇ ಇಳಿಸುತ್ತಾರೆ.

ಮೀನು ಅಂಗೈಯಲ್ಲಿ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಹೊಟ್ಟೆಯ ಕೆಳಗೆ ನಾಲ್ಕು ಬೆರಳಿಗೆ ನಾಲ್ಕು ತಗ್ಗು. ಕಣ್ಣಿನ ಜಾಗದಲ್ಲಿ ಒಂದು ಕೆಂಪು ಹರಳು. ಒತ್ತಿದರೆ ಬಾಯಿಂದ ಅಲಗು ನಾಲಗೆಯಂತೆ ಚಿಮ್ಮುತ್ತಿತ್ತು. ಟಕ್ ಎಂಬ ಸಣ್ಣ ಸದ್ದು, ಅಷ್ಟೇ. ಎಣ್ಣೆಯ ವಾಸನೆ ಬರಬೇಕಿತ್ತು. ಬಂದದ್ದು ಒದ್ದೆ ನೀಲಿಬಣ್ಣದ ವಾಸನೆ. ಬಣ್ಣದ ಕೆಳಗೆ ಹಸಿ ಕಬ್ಬಿಣದ್ದು.

“ಯಾವುದು ತಮ್ಮಾ ನಿಂದು?”

“ಇದು.”

“ಇದು ಅಂದ್ರ? ಶೆಡ್ಡಿನ ಪದ್ಧತಿ ಐತಿ. ಬಾಯಿಬಿಟ್ಟು ಹೇಳಬೇಕು.”

ಮುದುಕಿಯ ಮಾತು ನೆನಪಾಯಿತು. ನಗು ಬಂತು. ಬೇಕೆಂದೇ ಗೇಟಿನ ಕಡೆ ತಿರುಗಿ ಕೂಗಿದ: “ನಂದು ಕಣಜ್ಜಿ! ನಂದು! ನಂದು!”

ಉಮಾಮಹೇಶ್ವರ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟ.

ಮರುದಿನ ಮೂರೂಕಾಲಿಗೆ ಕರೆಂಟು ಹೋಯಿತು. ನಲವತ್ತು ಯಂತ್ರ ಒಮ್ಮೆಲೇ ಸುಮ್ಮನಾದವು. ಕಿಟಕಿಯಿಲ್ಲದ ಶೆಡ್ಡು, ಕಪ್ಪು. ಆ ಕತ್ತಲಲ್ಲಿ ರಘುನಾಥನ ಜೇಬಿನಲ್ಲಿ ಏನೋ ಮಿಸುಕಿತು. ಟಕ್. ಮೀನು ತಾನಾಗಿ ಬಾಯಿ ಬಿಟ್ಟಿತ್ತು. ತೊಡೆಗೆ ಗಾಯವಾಗಿರಲಿಲ್ಲ. ಕಿರುಬೆರಳು ಮಾತ್ರ ತಣ್ಣಗಾಯಿತು. ಕರೆಂಟು ಬಂದಾಗ ನೋಡಿದ. ಬೆರಳು ನೀಲಿ. ಜೀನ್ಸ್ ಬಣ್ಣ ಹತ್ತಿರಬೇಕೆಂದು ಸಾಬೂನು ಹಾಕಿ ತಿಕ್ಕಿದ. ಹೋಗಲಿಲ್ಲ. ಸೂಜಿ ಚುಚ್ಚಿದ. ನೋವಿರಲಿಲ್ಲ.

ಎರಡನೆಯ ದಿನ ಉಂಗುರದ ಬೆರಳು. ಉಗುರಿನ ಸಂದಿನಿಂದ ಒಂದು ನೂಲಿನ ತುದಿ ಹೊರಗೆ ಬಂದಿತ್ತು. ನೀಲಿ ನೂಲು. ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಗೇಣುದ್ದ, ಮೊಳದುದ್ದ. ಒಳಗಡೆ ಮೊಣಕೈವರೆಗೂ ಏನೋ ಬಿಚ್ಚಿಕೊಂಡು ಬರುತ್ತಿದ್ದ ಹಾಗಾಗಿ, ಕಿರುಚಿ ಬಿಟ್ಟುಬಿಟ್ಟ.

ಸಂಜೆ ಕಣೇಕಲ್ಲಿಗೆ ಬಸ್ಸು ಹತ್ತಿದ. ಕೆರೆಯ ಏರಿಯ ಮೇಲೆ ನಿಂತು ಮೀನನ್ನು ಕೈಬೀಸಿ ಎಸೆದ. ಗುಳುಂ ಎಂದ ಸದ್ದು ಕಿವಿಯಾರೆ ಕೇಳಿದ. ಬಸ್ ಸ್ಟ್ಯಾಂಡಿಗೆ ವಾಪಸು ಬರುವ ಆಟೋದಲ್ಲಿ ತೊಡೆ ಒದ್ದೆಯಾಯಿತು. ಜೇಬಿಗೆ ಕೈ ಹಾಕಿದ. ಇತ್ತು. ಕೆಸರು ಮೆತ್ತಿತ್ತು. ಕೆಂಪು ಕಣ್ಣು ಬಿಟ್ಟುಕೊಂಡಿತ್ತು.

ಅಣ್ಣನಿಗೆ ಹೇಳೋಣ ಎಂದು ಬೆಳಗ್ಗೆ ಉಮಾಮಹೇಶ್ವರನ ಮನೆಗೆ ಹೋದ. ಉಮಾಮಹೇಶ್ವರ ನಡುಮನೆಯಲ್ಲಿ ಉಣ್ಣುತ್ತಿದ್ದ. ರೊಟ್ಟಿ ಮುರಿದು, ಪಲ್ಯ ಒತ್ತಿ, ಬಾಯಿಗಿಡುತ್ತಿದ್ದ. ಬಲಗೈಯಲ್ಲಿ. ಬಟ್ಟೆ ಬಿಚ್ಚಿತ್ತು. ಮೂರು ಬೆರಳಲ್ಲಿ ಮಾಸುತ್ತ ಬಂದ ತೆಳು ನೀಲಿ.

ರಘುನಾಥ್ ಹೊಸ್ತಿಲಲ್ಲೇ ನಿಂತ. ಹಾಗೇ ಹಿಂದಕ್ಕೆ ನಡೆದ. ಕಾಲು ಅವನನ್ನು ಜಾಲಿಗಿಡದ ಹತ್ತಿರ ತಂದು ನಿಲ್ಲಿಸಿತು.

ಮುದುಕಿ ಅವನ ಕೈ ನೋಡಿದಳು. ತಲೆ ಚಚ್ಚಿಕೊಂಡಳು.

“ನಾನು ಉಜ್ಜಿನಮ್ಮ. ಒಳಗ ಸತ್ತಾಕಿ ಲಲಿತಾ ನನ್ನ ಮಗಳು,” ಅಂದಳು. ಬೀಗದ ಕತೆ, ಗಿರಾಕಿಗಳ ಊಟದ ಕತೆ, ಎಲ್ಲ ಹೇಳಿದಳು. “ಠಾಣೆಗೆ ಹೋದೆ, ಆಫೀಸಿಗೆ ಹೋದೆ. ಎಲ್ಲಾರೂ ಹೆಣ ಯಾರದು ಅಂತ ನನ್ನನ್ನೇ ಕೇಳಿದ್ರು. ಕಡೀಗೆ ಇದೇ ಗೇಟಿಗೆ ಮಣ್ಣು ತೂರಿದೆ. ನಂದಲ್ಲ ಅಂದ್ಯಲ್ಲ, ನಂದು ಅಂತ ಒಪ್ಪೋತನ ಆಕಿ ಬೆರಳು ಹೋದಂಗ ಬೆರಳು ಹೋಗ್ಲಿ, ನಾಕು ಹೋದ ದಿನ ಐದು ಗಂಟೆಗೆ ಜೀವ ಹೋಗ್ಲಿ ಅಂದೆ. ಅವನಿಗಂದೆ ತಮ್ಮಾ. ನಿನಗಲ್ಲ.”

“ನನ್ ಕೈಗೆ ಹೆಂಗ್ ಬಂತಜ್ಜಿ?”

“ಅವನನ್ನೇ ಕೇಳು. ಮಂತ್ರಗಾರನ ಹತ್ರ ಹೋಗಿ ಬಂದಾನ ಅಂತ ಕೇಳಿದ್ದೆ, ಅದಕ್ಕ ನಿನಗ ನಂದು ಅನಬ್ಯಾಡ ಅಂದೆ. ಆಕಿ ಹೆಣ ಕೊಟ್ಟಾಗ ಮೂಗಿನಾಗ ಮೂಗುತಿ ಇರಲಿಲ್ಲ. ಕೆಂಪು ಹರಳಿಂದು.”

ರಘುನಾಥ್ ಜೇಬು ಮುಟ್ಟಿಕೊಂಡ. ಮೀನಿನ ಕಣ್ಣು ಬಟ್ಟೆಯ ಮೇಲಿಂದಲೇ ಕಾದ ಕೆಂಡದಂತೆ ತಾಗಿತು. ಅಂದು ಮೂರೂಕಾಲಿಗೆ ನಡುಬೆರಳೂ ಹೋಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಆಫೀಸಿನ ಬಾಗಿಲು ದಬ್ಬಿ ಒಳಗೆ ಹೋದ. ಉಮಾಮಹೇಶ್ವರ ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

“ಕುಂದ್ರು ತಮ್ಮಾ. ನನಗೂ ಮೂರು ಬೆರಳು ಹೋಗಿದ್ವು. ರತ್ನಗಿರಿ ಕೋಟೆ ಬುಡದಾಗ ಒಬ್ಬ ಮಂತ್ರಗಾರ ಅದಾನ. ನಾಕನೇದು ಹೋಗದಂಗ ಕಟ್ಟು ಹಾಕಿದ. ಮುದುಕಿ ಶಾಪದಾಗ ಒಂದು ಸಂದು ಐತಿ ಅಂದ. ನಂದು ಅಂತ ಒಪ್ಪಬೇಕು ಅಂದ್ಲು; ಯಾರು ಒಪ್ಪಬೇಕು ಅಂತ ಅನ್ಲಿಲ್ಲ. ಸತ್ತಾಕಿ ಮೈಮ್ಯಾಲಿನ ಒಡವಿ ಒಂದು ಅಲಗಿಗೆ ಕೂಡಿಸಿ, ಯಾರರ ಅದನ್ನ ನಂದು ಅಂದ್ರ ಸಾಕು, ಶಾಪ ಅವರ ಮೈಗೆ ಹೋಗ್ತದ ಅಂದ.”

“ನಾನೇ ಯಾಕಣ್ಣಾ?”

“ಕೆಲಸಕ್ಕ ಅರ್ಜಿ ಹಾಕಿದವರು ಭಾಳ ಮಂದಿ. ಎಲ್ಲಾರ ಫೋನಿನ ಸ್ಟೇಟಸ್ ನೋಡಿದೆ. ಚಾಕು ಫೋಟೋ ಹಾಕ್ಕೊಂಡಿದ್ದು ನೀನೊಬ್ಬನೇ.”

ರೊಟ್ಟಿ, ಎಣ್ಣೆಗಾಯಿ, ಬೆನ್ನು ತಟ್ಟಿದ ಕೈ. ಬೆರಳು ಹೋದಾಗ ನೋವಾಗಿರಲಿಲ್ಲ. ಈಗ ಆಯಿತು.

“ಈಗ್ಲೂ ನೀವೇ ಒಂದ್ಸಲ ನಂದು ಅನ್ನಿ. ಪೊಲೀಸ್ನೋರ್ ಮುಂದೆ ಹೋಗಿ ಅನ್ನಿ. ಮುಗಿದೋಗ್ತದೆ. ನಿಮ್ಗೂ ಏನಾಗಲ್ಲ, ನಂಗೂ ಏನಾಗಲ್ಲ.”

“ಅಂದ್ರ ಕೇಸಾಗ್ತದಲ್ಲೋ!” ಉಮಾಮಹೇಶ್ವರ ನಿಜಕ್ಕೂ ಬೆರಗಾದ. “ನಿನಗ ದಾರಿ ನಾ ಮಾಡೀನಿ. ಲಲಿತಾನ ತಂಗಿ ಸುಶ್ಮಿತಾ ಇವತ್ತು ಕೆಲಸಕ್ಕ ಸೇರ್ತಾಳ. ಅಕ್ಕನ ಜಾಗ ಖಾಲಿ ಐತಿ ಬಾ ಅಂತ ಹೇಳಿ ಕಳಿಸೀನಿ. ತಟ್ಟಿಯೊಳಗ ಮೀನು ಇಡು. ಯಾವುದು ನಿಂದು ಅಂತ ಕೇಳು. ಸೂಪರ್‌ವೈಸರ್ ಕೆಲಸಾನೇ ಅದು. ಶಾಪ ಕೊಟ್ಟ ಮನೀಗೆ ತಿರುಗಿ ಹೋತಂದ್ರ ಅಲ್ಲಿಗೆ ಎಲ್ಲಾ ತಣ್ಣಗ.”

ಮೂರಕ್ಕೆ ಹತ್ತು ನಿಮಿಷ ಇರುವಾಗ ಆ ಹುಡುಗಿ ಬಂದಳು. ಇಪ್ಪತ್ತೊಂದೋ ಇಪ್ಪತ್ತೆರಡೋ. ಹಿಂಬಾಗಿಲಿಂದ ಕರೆಸಿಕೊಂಡಿದ್ದರು, ಮುದುಕಿಗೆ ಗೊತ್ತಾಗದ ಹಾಗೆ.

“ಅವ್ವಗ ಹೇಳಿ ಬಂದಿಲ್ರಿ,” ಅಂದಳು. “ಹೇಳಿದ್ರ ಬಿಡ್ತಿದ್ದಿಲ್ಲ.”

ಉಮಾಮಹೇಶ್ವರ ಅವಳಿಗೆ ಶೆಡ್ಡೆಲ್ಲ ಸುತ್ತಾಡಿಸಿ ತೋರಿಸಿದ. ಗಡಿಯಾರ ನೋಡಿಕೊಂಡ. ಮೂರು ಗಂಟೆ ಹತ್ತು ನಿಮಿಷ. ತಟ್ಟೆ ತರಿಸಿದ. ಐದು ಕತ್ತರಿ, ನಡುವೆ ಒಂದು ಜಾಗ ಖಾಲಿ. ರಘುನಾಥನ ಕಡೆ ನೋಡಿದ. ರಘುನಾಥ್ ಜೇಬಿನಿಂದ ಮೀನನ್ನು ತೆಗೆದ. ಸತ್ತ ಮೂರು ಬೆರಳು, ಬದುಕಿದ ಒಂದು, ಹೆಬ್ಬೆರಳು. ಇಟ್ಟ.

ಎಷ್ಟು ಸುಲಭ. ಮೂರೇ ಅಕ್ಷರ, ಆಮೇಲೆ ಇನ್ನೆರಡು. ಯಾವುದು ನಿಂದು. ಮಡಕಶಿರಾದ ಬಸ್ಸು ಹತ್ತಬಹುದು. ಅಮ್ಮನ ಕೈಯ ಮುದ್ದೆ ಮುರಿಯಬಹುದು, ಈ ಕೈಯಲ್ಲೇ.

ಸುಶ್ಮಿತಾಳ ಕಣ್ಣು ತಟ್ಟೆಯ ಮೇಲೆ ಹರಿದು ಮೀನಿನ ಹತ್ತಿರ ನಿಂತಿತು. ಕೆಂಪು ಹರಳು. ಅವಳ ಮುಖ ಬದಲಾಯಿತು. ಕೈ ತಾನಾಗಿ ಮುಂದೆ ಬಂತು.

“ಇದು... ಈ ಹರಳು...”

“ಕೇಳು ತಮ್ಮಾ,” ಉಮಾಮಹೇಶ್ವರ ಪಿಸುಗುಟ್ಟಿದ. “ಕೇಳೂ.”

ಅವಳ ಬೆರಳು ಇನ್ನೊಂದು ಅಂಗುಲ. ಉಗುರಿಗೆ ಗೋರಂಟಿ. ನಾಲ್ಕೂ ಬೆರಳಿಗೆ.

“ಯಾರ್ದ್ರಿ ಸಾರ್ ಇದು?”

ರಘುನಾಥ್ ತನ್ನ ನೀಲಿ ಕೈಯನ್ನು ಮೀನಿನ ಮೇಲೆ ಬಡಿದು ಮುಚ್ಚಿದ.

“ನಂದು.”

ಕರೆಂಟು ಹೋಯಿತು.

ಕತ್ತಲು. ಯಂತ್ರಗಳು ಸತ್ತವು. ಒದ್ದೆ ನೀಲಿಯ ವಾಸನೆ. ಟಕ್. ತೋರುಬೆರಳು ತಣ್ಣಗಾಯಿತು. ಉಗುರಿನಿಂದ ನೂಲು ಇಳಿಯತೊಡಗಿತು. ನೆಲಕ್ಕೆ. ಸರಸರ. ನಿಲ್ಲದೆ.

“ಹೊರಗೋಗಮ್ಮ,” ಅಂದ ರಘುನಾಥ್. “ಬಾಗ್ಲು ತೆಗ್ದೇ ಐತೆ. ಬೀಗ ಕಿತ್ತಿಟ್ಟಿದೀನಿ. ಆ ಹರಳು ನಿಮ್ಮಕ್ಕನ ಮೂಗುತಿ. ನಿಮ್ಮವ್ವನ್ಗೆ ಹೇಳು, ಎಲ್ಲೈತೆ ಅಂತ.”

ಓಡಿದ ಹೆಜ್ಜೆ. ಬಾಗಿಲ ಬೆಳಕು ಒಂದು ಕ್ಷಣ ಬಿತ್ತು. ಆ ಬೆಳಕಿನಲ್ಲಿ ಉಮಾಮಹೇಶ್ವರ ತನ್ನ ಬಲಗೈಯನ್ನು ಎದೆಗವುಚಿಕೊಂಡು ನಿಂತಿದ್ದ.

“ಹುಚ್ಚಾ! ಐದು ಗಂಟೆತನ ಹೊತ್ತೈತಿ. ಆಕಿನ್ನ ಕರಿ. ಇಲ್ಲಾ ಬ್ಯಾರೆ ಯಾರನ್ನರ ಕರಿ. ನಲವತ್ತು ಮಂದಿ ಅದಾರ ಇಲ್ಲಿ! ಯಾವುದು ನಿಂದು ಅಂತ ಒಂದ ಮಾತು ಕೇಳು!”

ಕತ್ತಲಲ್ಲಿ ನಲವತ್ತು ಹೆಂಗಸರು ಉಸಿರು ಹಿಡಿದು ಕೂತಿದ್ದರು. ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ರಘುನಾಥ್ ನೆಲದ ಮೇಲೆ ಕೂತ, ಮೀನನ್ನು ಮುಷ್ಟಿಯೊಳಗೆ ಹಿಡಿದುಕೊಂಡು.

“ಕೇಳಲ್ಲ,” ಅಂದ.