ಕಪ್ಪು ಕೊಕ್ಕರೆಯ ಸಿಡಿ

ಅಣ್ಣನ ಬೆಡ್‌ಶೀಟಿನ ಎರಡು ತುದಿ ಬಿಂದುವಿನ ಕೈಯಲ್ಲಿದ್ದವು, ಇನ್ನೆರಡು ಅಪ್ಪನ ಕೈಯಲ್ಲಿ. ಹತ್ತಿರ ಬಂದರು, ಮಡಿಸಿದರು, ಹಿಂದೆ ಸರಿದರು.

ಶೀಟನ್ನು ಕಪಾಟಿನಲ್ಲಿಟ್ಟು ಅಪ್ಪ ಮಂಡಿಯೂರಿದರು. ಮೊಬೈಲ್ ಟಾರ್ಚ್ ಹಾಕಿ ಮಂಚದಡಿ ಇಣುಕಿದರು.

"ಇಲ್ಲೂ ಇಲ್ಲ."

ನಿನ್ನೆ ಸೋಫಾದಡಿ ಹುಡುಕಿದ್ದರು. ಮೊನ್ನೆ ಕಾರಿನ ಡಿಕ್ಕಿಯಲ್ಲಿ.

ಅವರು ಹುಡುಕುತ್ತಿದ್ದದ್ದು ಚಿರಂತನ್ ಅಣ್ಣನ ಸಿಡಿ. ಜಪಾನಿನ ಮೆಟಲ್ ಬ್ಯಾಂಡಿನದು. ಕವರಿನ ಮೇಲೆ ಕಪ್ಪು ಕೊಕ್ಕರೆ. ಅದರಲ್ಲಿ ಹನ್ನೊಂದು ನಿಮಿಷದ ಒಂದು ಹಾಡು. ಮೊದಲು ಬರೀ ಗುಡುಗು. ನಡುವೆ ಎಲ್ಲ ನಿಂತು ಒಂದೇ ಒಂದು ಗಿಟಾರು. ಅಲ್ಲಿಂದ ಏಳೇಳು ಪೆಟ್ಟಿನ ತಾಳ. ಅಣ್ಣ ತಂಗಿ ಊಟದ ತಟ್ಟೆ ಬಡಿಯುತ್ತಿದ್ದರು. ಬಿಂದುವಿನದು ಯಾವಾಗಲೂ ಒಂದು ಪೆಟ್ಟು ಹೆಚ್ಚು.

"ಎಂಟಲ್ಲ ಕಣೇ ಪೆದ್ದಿ, ಸೆವೆನ್!" ಎಂದು ಅಣ್ಣ ರೇಗಿಸುತ್ತಿದ್ದ.

"ಖಲಾಸ್ ಮಾಡ್ರೋ! ಪಾತ್ರೆ ಅಂಗಡಿ ಉರುಳಿದ ಹಾಗಿದೆ. ಒಂದಿನ ಅದನ್ನ ಬಿಸಾಕ್ತೀನಿ ನೋಡು," ಎಂದು ಅಪ್ಪ ಕೂಗುತ್ತಿದ್ದರು.

ಅಣ್ಣನಿಗೆ ಹದಿನೆಂಟಾಯಿತು. ದುಬೈಯಲ್ಲಿ ಕಾಲೇಜು ಸಿಗಲಿಲ್ಲ. ಆಗಿನ ಕಾನೂನಿನಂತೆ, ಅಲ್ಲಿ ಓದದ ಮಗ ಇನ್ನು ಅಪ್ಪನ ವೀಸಾದಲ್ಲಿ ಇರುವ ಹಾಗಿರಲಿಲ್ಲ. ಮೈಸೂರಿನ ಹಾಸ್ಟೆಲೇ ಗತಿ. ಹೊರಡುವ ದಿನ ಬಿಂದು ಸಿಡಿಯನ್ನು ತನ್ನ ಅಟ್ಲಾಸಿನೊಳಗೆ ಬಚ್ಚಿಟ್ಟಳು. ಅದಿಲ್ಲದೆ ಅಣ್ಣ ಹೋಗಲಾರ ಅಂದುಕೊಂಡಿದ್ದಳು.

ಅವನು ಹೋದ.

"ಬಿಸಾಕೇ ಬಿಟ್ರಲ್ಲಪ್ಪಾ?" ಎಂದು ಏರ್‌ಪೋರ್ಟಿನಲ್ಲಿ ಕೇಳಿದ.

"ಇಲ್ವೋ," ಅಂದರು ಅಪ್ಪ.

ಚಿರಂತನ್ ಅಮ್ಮನ ಕಾಲಿಗೆ ಮಾತ್ರ ನಮಸ್ಕಾರ ಮಾಡಿ ಒಳಗೆ ನಡೆದ. ಅದಾಗಿ ಹನ್ನೆರಡು ದಿನ. ಅಪ್ಪನಿಗೆ ಒಂದು ಫೋನಿಲ್ಲ.

ಬಿಂದು ಅಟ್ಲಾಸ್ ತಂದು ಅಪ್ಪನ ಮುಂದೆ ತೆರೆದಳು.

"ಸಾರಿ ಅಪ್ಪ. ನಾನೇ."

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿದರು.

"ಯಾವ ಹಾಡು ಪುಟ್ಟಿ?"

ಅಣ್ಣನ ಹಳೇ ಪ್ಲೇಯರಿನಲ್ಲಿ ಹನ್ನೊಂದು ನಿಮಿಷವೂ ಕೇಳಿದರು. ಗಿಟಾರು ಬಂದಾಗ ಅಪ್ಪನ ಬೆರಳು ಮಂಚದ ಅಂಚಿಗೆ ಮೆಲ್ಲಗೆ ಬಡಿಯಿತು. ಎಂಟು ಪೆಟ್ಟು. ಬಿಂದು ತಿದ್ದಲಿಲ್ಲ.

ಆಮೇಲೆ ಅಮ್ಮನ ಫೋನಿನಿಂದ ವಾಯ್ಸ್ ಮೆಸೇಜ್ ಕಳಿಸಿದಳು. "ಅಣ್ಣ, ಅಪ್ಪ ಬಿಸಾಕಿಲ್ಲ. ನಾನು ಬಚ್ಚಿಟ್ಟಿದ್ದೆ. ಸಿಡಿ ಇಲ್ಲೇ ಇದೆ."

ಎರಡು ನೀಲಿ ಟಿಕ್ ಬಂದವು, ಮೈಕಿನ ಗುರುತೂ ನೀಲಿಯಾಯಿತು. ಕೇಳಿದ್ದಾನೆ.

ಕಿಟಕಿಯಾಚೆ ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಬಿಂದು ಏಳು ಹನಿ ಎಣಿಸಿದಳು. ಮತ್ತೆ ಏಳು. ಸಿಡಿ ಸಿಕ್ಕಿತ್ತು. ಅಪ್ಪನ ಕಣ್ಣು ಮಾತ್ರ ಇನ್ನೂ ಹುಡುಕುತ್ತಿತ್ತು, ತಮ್ಮ ಫೋನಿನಲ್ಲಿ.

ಅವಳು ಮತ್ತೆ ಮೈಕ್ ಒತ್ತಿದಳು.

"ಅಣ್ಣ, ಅಪ್ಪನಿಗೊಂದು ಫೋನ್ ಮಾಡು."

ಅಪ್ಪನ ಫೋನು ರಿಂಗಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈಯಲ್ಲಿದ್ದ ಫೋನಿನ ಬೆಳಕೂ ಆರಿತು.