ಸಂಬಂಧ ಅನ್ನೋ ಕಾಲಂ

“ಉಬ್ಬಸ ಐತಾ, ಮೇಡಂ?”

“ಇಲ್ಲ!”

ಹೇಮಶ್ರೀ ಜೋರಾಗಿಯೇ ಹೇಳಿದಳು. ಆದರೆ ಸಕಲೇಶಪುರದ ಬಸ್ ಸ್ಟ್ಯಾಂಡ್ ಎದುರಿನ ಆ ವಿಮಾ ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಂದವಳ ಎದೆಯಲ್ಲಿ ಸಣ್ಣಗೆ ಸಿಳ್ಳೆ ಹೊಡೆಯುತ್ತಿದ್ದದ್ದು ಮೇಜಿನಾಚೆಗೂ ಕೇಳುತ್ತಿತ್ತು.

ಮೇಜಿನಾಚೆ ಕೂತಿದ್ದ ಏಜೆಂಟ್ ಧರ್ಮ ವಾದ ಮಾಡಲಿಲ್ಲ. ನೀರಿನ ಲೋಟವನ್ನು ಅವಳ ಕಡೆ ಸರಿಸಿದ.

“ಬ್ಯಾಗಲ್ಲಿರೋ ಇನ್ಹೇಲರ್ ತಗೊಳ್ಳಿ. ನಾನು ಆ ಕಡೆ ತಿರುಗ್ಕೋತೀನಿ.”

ನಿಜಕ್ಕೂ ಕುರ್ಚಿ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತುಬಿಟ್ಟ!

ಇವನ್ಯಾರು ನನಗೆ ಹೇಳೋಕೆ... ಅಂದುಕೊಂಡಳು ಹೇಮಶ್ರೀ. ಆದರೂ ಇನ್ಹೇಲರ್ ತೆಗೆದುಕೊಂಡಳು. ಉಸಿರು ಹಗುರಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಆ ಸಿಟ್ಟಿಗೆ ಕಾರಣವಿತ್ತು. ಇಪ್ಪತ್ತಾರು ವರ್ಷದಿಂದ ಅವಳ ಎಲ್ಲ ಆಸೆಗಳಿಗೂ ಒಂದೇ ಉತ್ತರ ಸಿಕ್ಕಿತ್ತು. ‘ನಿಂಗೆ ಉಬ್ಬಸ ಐತೆ.’ ಕಾಲೇಜಿನ ಟೂರ್ ತಪ್ಪಿದ್ದು ಅದಕ್ಕೆ, ಮೈಸೂರಿನ ಹಾಸ್ಟೆಲ್ ಬೇಡವಾದದ್ದೂ ಅದಕ್ಕೇ. ಕೊನೆಗೆ ದೋಣಿಗಲ್ ಹತ್ತಿರದ ಮನೆಯಲ್ಲೇ ಕೂತು, ದೂರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ ದನಿಮುದ್ರಣ ಕೇಳಿ ಟೈಪ್ ಮಾಡುವ ಕೆಲಸ ಹಿಡಿದಳು. ಕಂಪ್ಯೂಟರ್, ಇಂಟರ್ನೆಟ್ ಇದ್ದರೆ ಎಲ್ಲಿ ಕೂತಾದರೂ ಮಾಡಬಹುದಾದ ಕೆಲಸ ಅದು.

ಎಲ್ಲಿ ಕೂತಾದರೂ ಅಂದಮೇಲೆ ದೋಣಿಗಲ್ಲಿನಲ್ಲೇ ಯಾಕೆ?

ಗೆಳತಿ ಗಂಗಾಮಣಿ ಮಲೇಷ್ಯಾದ ಪೆನಾಂಗ್‌ನಲ್ಲಿದ್ದಳು. ಕೆಲಸ ಕೊಟ್ಟ ಕಂಪನಿಗೆ ಅಲ್ಲೂ ಒಂದು ಶಾಖೆಯಿತ್ತು. ವೀಸಾ ನಾವು ಮಾಡಿಸುತ್ತೇವೆ, ವಿಮೆ ನೀವೇ ನೋಡಿಕೊಳ್ಳಿ ಅಂದಿದ್ದರು. ‘ವಿಮೆ ಆದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ’ ಎಂದು ಅಮ್ಮ ವಿಶಾಲಮ್ಮ ಷರತ್ತು ಹಾಕಿದ್ದಳು. ಅದು 2008ರ ಜನವರಿ. ಹೊರಡಲು ಒಂದು ತಿಂಗಳಿತ್ತು. ಈ ಒಂದು ಕಾಗದದ ಮೇಲೆ ಅವಳ ಸಮುದ್ರ ದಾಟುವ ಆಸೆ ನಿಂತಿತ್ತು.

ಧರ್ಮ ಕುರ್ಚಿ ಈ ಕಡೆ ತಿರುಗಿಸಿದ.

“ಉಬ್ಬಸ ಐತೆ ಅಂತ ಬರೀಲೇಬೇಕು ಕಣ್ರೀ.”

“ಬರೆದ್ರೆ ಕೊಡಲ್ಲ ಅಂತಾರೆ!”

“ಬರೀದೆ ಹೋದ್ರೆ ಈಗ ಕೊಡ್ತಾರೆ. ಅಲ್ಲಿ ಆಸ್ಪತ್ರೆ ಸೇರಿದ ದಿನ ಕೈ ಎತ್ಬುಡ್ತಾರೆ. ಯಾವ್ದು ವಾಸಿ?”

ದಿನವಿಡೀ ಬೇರೆಯವರ ಕಾಯಿಲೆ ಟೈಪ್ ಮಾಡುವವಳಿಗೆ ತನ್ನ ಒಂದೇ ಒಂದು ಕಾಯಿಲೆ ಬರೆಯಲು ಕೈ ಬರಲಿಲ್ಲ.

“ತಿರಸ್ಕರಿಸಿದ್ರೆ...?”

“ಇನ್ನೊಂದು ಕಂಪನಿ ನೋಡ್ತೀನಿ. ನಿಮ್ಮನ್ನ ಕಳಿಸೋದು ನನ್ ಜವಾಬ್ದಾರಿ.”

ಇಷ್ಟು ವರ್ಷದಲ್ಲಿ ಷರತ್ತು ಹಾಕದೆ ‘ಕಳಿಸ್ತೀನಿ’ ಅಂದ ಮೊದಲ ಮನುಷ್ಯ! ಹೇಮಶ್ರೀ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ನೋಡುವಂತೆಯೇ ಇತ್ತು ಅನ್ನಿ.

ಆಮೇಲೆ ಮೂರು ವಾರ, ವಾರಕ್ಕೆ ಎರಡು ಸಲ ಆ ಮೆಟ್ಟಿಲು ಹತ್ತಿದಳು. ಒಂದೊಂದು ಸಲ ಕೆಲಸವಿತ್ತು, ಒಂದೊಂದು ಸಲ ಇರಲಿಲ್ಲ.

ಅವನು ಸಣ್ಣಕ್ಷರದ ಷರತ್ತುಗಳನ್ನು ಭೂತಗನ್ನಡಿ ಹಿಡಿದು ಓದಿ ತಿಳಿಸುತ್ತಿದ್ದ. ಪ್ರವಾಸಕ್ಕೆ ಹೋಗೋರ ಪಾಲಿಸಿ ಬೇರೆ, ಅಲ್ಲೇ ಇದ್ದು ಕೆಲಸ ಮಾಡೋರದು ಬೇರೆ. ಹಳೇ ಕಾಯಿಲೆಗೆ ಮಾಮೂಲಿ ಔಷಧಿ ಖರ್ಚು ಕೊಡಲ್ಲ, ಜೀವಕ್ಕೇ ಕುತ್ತು ಬಂದರೆ ಮಾತ್ರ ಕೊಡ್ತಾರೆ.

“ಅಲ್ಲಿ ಸ್ಕೂಟರ್ ಓಡಿಸ್ಬೇಡಿ. ಲೈಸೆನ್ಸ್ ಇಲ್ದೆ ಬಿದ್ರೆ ಬಿಡಿಗಾಸೂ ಬರಲ್ಲ.”

“ನನಗೆ ಸೈಕಲ್ಲೇ ಬರಲ್ಲ!”

“ಒಳ್ಳೇದಾಯ್ತು ಬುಡಿ.”

ಹದಿನೇಳನೇ ಷರತ್ತು ಬಂದಾಗ ಮಾತ್ರ ತಟಕ್ಕನೆ ಹಾಳೆ ತಿರುಗಿಸಿದ.

“ಅದೇನು?”

“ಅದು ಬುಡಿ.”

ಅವಳು ಇಣುಕಿ ಓದಿಕೊಂಡಿದ್ದಳು. ಪರದೇಶದಲ್ಲಿ ಸತ್ತರೆ ದೇಹ ತರಿಸುವ ವ್ಯವಸ್ಥೆಯ ಮಾತದು. ವಿಮೆ ಮಾರುವವನಿಗೆ ಆ ಮಾತು ಬಾಯಲ್ಲಿ ಆಡಲು ಬರಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು. ಮನೆಗೆ ಬಂದು ನೆನೆದಾಗ ನಗುವಿನ ಜೊತೆ ಇನ್ನೇನೋ ಬಂತು...

ಹೊರಡಲು ಆರು ದಿನ ಉಳಿದಾಗ ಹೈವೇ ಅಗೆಯುವವರು ದೋಣಿಗಲ್ ಕಡೆಯ ಫೋನ್ ಕೇಬಲ್ ಕಡಿದುಹಾಕಿದರು. ಮನೆಯ ಫೋನ್ ಸತ್ತಿತು. ಅರ್ಜಿಯಲ್ಲಿ ಒಂದು ಕಾಲಂ ಬಾಕಿಯಿತ್ತು. ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು, ಅವರಿಗೂ ನಿಮಗೂ ಏನು ಸಂಬಂಧ? ಅದನ್ನು ಕೇಳಲು ಧರ್ಮ ಬೈಕ್ ಹತ್ತಿ ಅವರ ಮನೆಗೇ ಬಂದ.

ವಿಶಾಲಮ್ಮ ಅಂಗಳದಲ್ಲಿ ಒಣಹಾಕಿದ ಕಾಫಿ ಬೀಜದಲ್ಲಿ ಕೈಯಾಡಿಸುತ್ತಿದ್ದಳು. ಹೇಮಶ್ರೀ ಒಳಗೆ ಹೆಡ್‌ಫೋನ್ ಹಾಕಿಕೊಂಡು, ಮೊದಲೇ ಇಳಿಸಿಕೊಂಡಿದ್ದ ದನಿಮುದ್ರಣ ಕೇಳಿ ಟೈಪ್ ಮಾಡುತ್ತಿದ್ದಳು.

“ನಮಸ್ಕಾರ ಕಣಮ್ಮ. ಹೇಮಶ್ರೀಯವರ ಸಂಬಂಧದ ವಿಷ್ಯ ಕೇಳೋಣ ಅಂತ ಬಂದೆ.”

ಅಯ್ಯೋ, ಪುಣ್ಯಾತ್ಮ! ಮದುವೆಗೆ ಬಂದ ಮಗಳಿರುವ ಮನೆಯ ಅಂಗಳದಲ್ಲಿ ನಿಂತು ಆಡುವ ಮಾತಾ ಅದು?

ವಿಶಾಲಮ್ಮ ಸೆರಗು ಸರಿಮಾಡಿಕೊಂಡಳು. ಜಗಲಿಯ ಮೇಲೆ ಚಾಪೆ ಬಂತು, ಲೋಟದ ತುಂಬಾ ಕಾಫಿ ಬಂತು.

“ಯಾವೂರಪ್ಪ?”

“ಕೆ. ಹೊಸಕೋಟೆ ಕಣಮ್ಮ.”

“ತೋಟ?”

“ಎರಡೆಕರೆ ಕಾಫಿ. ಮಿಕ್ಕಿದ್ದು ರಾಗಿ ಹೊಲ.” ಎಷ್ಟು ಒಳ್ಳೇ ಜನ, ಎಲ್ಲಾ ವಿಚಾರಿಸ್ತಾರೆ ಅಂದುಕೊಂಡ ಧರ್ಮ.

“ನಮ್ ಹುಡುಗಿಗೆ ಚಿಕ್ಕಂದಿನಿಂದ್ಲೂ ಉಬ್ಬಸ ಐತೆ. ಮುಚ್ಚಿಡೋದು ಬ್ಯಾಡ ಅಂತ ಹೇಳ್ತಿವ್ನಿ.”

“ಗೊತ್ತು ಕಣಮ್ಮ. ಅದನ್ನ ಮೊದ್ಲೇ ಬರೆದು ಕಳಿಸಿದ್ದೆ. ಒಪ್ಕೊಂಡವ್ರೆ.”

“ಒಪ್ಕೊಂಡವ್ರಾ! ಯಾರು, ನಿಮ್ಮವ್ವನಾ?”

“ಬೆಂಗಳೂರಿನೋರು.”

ಬಳಗ ಬೆಂಗಳೂರಲ್ಲೂ ಇದೆ ಅಂತ ವಿಶಾಲಮ್ಮನಿಗೆ ಇನ್ನೂ ಸಂತೋಷವಾಯಿತು. ಓಡಿದಳು ಒಳಗೆ. ಮಗಳ ಹೆಡ್‌ಫೋನ್ ಕಿತ್ತಳು.

“ಹೇಮಾ! ಸಮುದ್ರ ದಾಟೋದೇನೂ ಬ್ಯಾಡ ಕಣೇ. ಸಂಬಂಧ ಮನೆ ಬಾಗಿಲಿಗೇ ಬಂದೈತೆ!”

ಹೇಮಶ್ರೀ ಅಂಗಳಕ್ಕೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

“ಕಳಿಸ್ತೀನಿ ಕಳಿಸ್ತೀನಿ ಅಂದಿದ್ದು ಇದಕ್ಕೇನಾ?”

“ಅಲ್ಲ ಮೇಡಂ! ನಾನ್ ಕೇಳಿದ್ದು ಕಾಲಂ ವಿಷ್ಯ...”

“ಹಾಗಾದ್ರೆ ಮನಸಲ್ಲಿ ಏನೂ ಇಲ್ಲ ಅನ್ನಿ. ನನ್ನ ಮುಖ ನೋಡಿ ಹೇಳಿ.”

ಧರ್ಮ ಮುಖ ನೋಡಿದ. ಬಾಯಿ ತೆರೆದ. ಹಾಗೇ ಮುಚ್ಚಿಕೊಂಡು ಕಾಫಿ ಲೋಟ ಕೆಳಗಿಟ್ಟ. ಸುಳ್ಳು ಬರೆದರೆ ಮುಂದೆ ತೊಂದರೆ ಅಂತ ಊರಿಗೆಲ್ಲ ಹೇಳುವವನು, ಸುಳ್ಳು ಹೇಳುವುದಾದರೂ ಹೇಗೆ?

“ಗೊತ್ತಾಯ್ತು,” ಅಂದಳು ಅವಳು. “ಉಬ್ಬಸ ಬರೆಸಿದ್ದೂ ಅರ್ಜಿ ವಾಪಸ್ ಬರಲಿ ಅಂತಾನೇ. ಎಲ್ಲರೂ ಒಂದೇ. ನಾನು ಇಲ್ಲೇ ಬಿದ್ದಿರಬೇಕು, ಅಷ್ಟೇ ತಾನೇ?”

ಅವನು ಕೈಲಿದ್ದ ಕವರನ್ನು ಜಗಲಿಯ ಮೇಲಿಟ್ಟ.

“ಪಾಲಿಸಿ ಆಗೈತೆ. ಆ ಕಾಲಂ ತುಂಬಿ ಕಳಿಸ್ಬುಡಿ... ಬರ್ತೀನಿ.”

ಬೈಕಿನ ಸದ್ದು ಹೆದ್ದಾರಿ ತಲುಪುವವರೆಗೂ ಅವಳು ಅಲ್ಲೇ ನಿಂತಿದ್ದಳು. ಕವರು ಮುಟ್ಟಲಿಲ್ಲ.

ಮಾರನೇ ದಿನ ಬೆಳಿಗ್ಗೆ ವಿಶಾಲಮ್ಮನೇ ಅದನ್ನು ತಂದು ಮಗಳ ಮುಂದಿಟ್ಟಳು. “ತಪ್ಪು ನಂದೇ ಇರ್ಬೋದು ಕಣವ್ವ. ಆ ಹುಡುಗ ಕಾಫಿನೂ ಪೂರ್ತಿ ಕುಡೀಲಿಲ್ಲ.”

ಹೇಮಶ್ರೀ ಕವರು ಬಿಚ್ಚಿದಳು.

ಮೊದಲು ಸಿಕ್ಕಿದ್ದು ಎರಡು ತಿರಸ್ಕಾರದ ಪತ್ರ. ಎರಡು ಕಂಪನಿಗಳು ಉಬ್ಬಸ ನೋಡಿ ಆಗಲ್ಲ ಅಂದಿದ್ದವು. ಅವಳಿಗೆ ಅದನ್ನು ಅವನು ಹೇಳಿಯೇ ಇರಲಿಲ್ಲ! ಮೂರನೆಯದು ಒಪ್ಪಿಗೆ ಪತ್ರ. ಅದರ ಹಿಂದೆ, ಉಬ್ಬಸವಿದ್ದರೂ ಪಾಲಿಸಿ ಕೊಡಿ ಎಂದು ಅವನು ಕಂಪನಿಗೆ ಬರೆದಿದ್ದ ಉದ್ದನೆಯ ಪ್ರತಿವಾದದ ನಕಲು.

ಅವಳು ಅದನ್ನು ಎರಡು ಸಲ ಓದಿದಳು.

ಕೆಳಗೆ ಷರತ್ತುಗಳನ್ನೆಲ್ಲ ಅವಳಿಗಾಗಿ ಕನ್ನಡದಲ್ಲಿ ಬರೆದ ನಾಲ್ಕು ಹಾಳೆ. ಹದಿನೇಳನೆಯದರ ಮುಂದೆ ಇಷ್ಟೇ ಇತ್ತು: ‘ಇದರ ಅಗತ್ಯ ಬರೋದಿಲ್ಲ. ಮುಂದೆ ಓದಿ.’

ಕೊನೆಯ ಹಾಳೆಯಲ್ಲಿ ಹೀಗಿತ್ತು: ‘ಪಾಲಿಸಿ ಆರು ತಿಂಗಳಿಗೆ ಮುಗಿಯುತ್ತೆ. ವಾಪಸ್ ಬರೋಕೆ ಮನಸ್ಸಿಲ್ಲದಿದ್ದರೆ, ಮುಗಿಯೋ ಹತ್ತು ದಿನ ಮೊದಲೇ ತಿಳಿಸಿ. ಇನ್ನಾರು ತಿಂಗಳು ಮುಂದುವರಿಸಿ ಕೊಡ್ತೀನಿ.’

ವಾಪಸ್ ಬರೋಕೆ ಮನಸ್ಸಿಲ್ಲದಿದ್ದರೆ!

ಪ್ರೀತಿಸುವವನು, ಅವಳು ಬಾರದೆ ಉಳಿಯುವುದಕ್ಕೂ ದಾರಿ ಬರೆದುಕೊಟ್ಟಿದ್ದ. ಹೇಮಶ್ರೀ ಜೋರಾಗಿ ಅತ್ತಳು. ಅಮ್ಮ ಗಾಬರಿಯಾಗಿ ಇನ್ಹೇಲರ್ ಹುಡುಕಿದಳು.

“ಉಬ್ಬಸ ಅಲ್ಲಮ್ಮ...”

“ಮತ್ತೇನೇ?”

“ಸಕಲೇಶಪುರದ ಬಸ್ಸು ಎಷ್ಟೊತ್ತಿಗೆ?”

ಆ ದಿನ ಮೆಟ್ಟಿಲನ್ನು ನಿಧಾನಕ್ಕೆ, ನಿಂತು ನಿಂತು ಹತ್ತಿದಳು. ಧರ್ಮ ತಲೆ ಎತ್ತಿದವನೇ ಎದ್ದು ನಿಂತ.

“ಮೇಡಂ... ನಿನ್ನೆ ನಾನು...”

“ಪೆನ್ನು ಕೊಡಿ.”

ಕವರಿನಲ್ಲಿದ್ದ ಅರ್ಜಿ ತೆಗೆದು ಮೇಜಿನ ಮೇಲೆ ಹರಡಿದಳು. ತುರ್ತು ಸಮಯದಲ್ಲಿ ಫೋನ್ ಮಾಡಬೇಕಾದವರ ಜಾಗದಲ್ಲಿ ಧರ್ಮನ ಮೊಬೈಲ್ ನಂಬರ್ ಪೆನ್ಸಿಲ್‌ನಲ್ಲಿತ್ತು.

“ಮನೆ ಫೋನ್ ಕೆಟ್ಟಿತ್ತಲ್ಲ, ಸದ್ಯಕ್ಕೆ ಅಂತ ನಂದು ಹಾಕಿದ್ದೆ. ಅಳಿಸ್ಬುಡಿ.”

ಅವಳು ಅಳಿಸಲಿಲ್ಲ. ಪೆನ್ಸಿಲ್ ಅಂಕಿಗಳ ಮೇಲೆ ಪೆನ್ನಿನಿಂದ ತಿದ್ದಿದಳು. ಪಕ್ಕದಲ್ಲಿ ‘ಸಂಬಂಧ’ದ ಕಾಲಂ ಖಾಲಿಯಿತ್ತು. ಒಂದು ಗಳಿಗೆ ಯೋಚಿಸಿ, ಇಂಗ್ಲಿಷ್ ಅರ್ಜಿಯ ಮೇಲೆ ದುಂಡಗೆ ಕನ್ನಡದಲ್ಲಿ ಬರೆದಳು: ಬೇಕಾದವರು.

ಧರ್ಮ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಕಣ್ಣು ಒರೆಸಿಕೊಂಡ.

“ಕಂಪನಿಯೋರಿಗೆ ಅರ್ಥ ಆಗಲ್ಲ ಕಣ್ರೀ.”

“ನಿಮಗಾಯ್ತಾ?”

“ಹ್ಞೂಂ.”

“ಹಾಗಾದ್ರೆ ಅವರಿಗೆ ಏನಾದ್ರೂ ಒಂದು ತಿಳಿಸಿ ಹೇಳ್ಕೊಳ್ಳಿ.” ಅವಳು ನಕ್ಕಳು. “ನಾನು ಹೋಗ್ತೀನಿ ಧರ್ಮ. ಹೋಗಲೇಬೇಕು.”

“ಹೋಗ್ಲೇಬೇಕು. ಅದಕ್ಕೇ ತಾನೆ ಇಷ್ಟೆಲ್ಲ ಮಾಡಿದ್ದು?”

“ಆಮೇಲೆ ಬರ್ತೀನಿ. ಆರು ತಿಂಗಳಿಗೋ, ಹನ್ನೆರಡಕ್ಕೋ... ಕಾಯ್ತೀರಾ?”

“ಹತ್ತು ದಿನ ಮೊದ್ಲು ತಿಳಿಸಿ. ಏರ್‌ಪೋರ್ಟಿಗೇ ಬರ್ತೀನಿ.” ತಡೆದು ಸೇರಿಸಿದ, “ಅಲ್ಲಿ ಸ್ಕೂಟರ್ ಮಾತ್ರ ಓಡಿಸ್ಬೇಡಿ.”

“ಬಂದ್ಮೇಲೆ ನಿಮ್ಮ ಬೈಕಿನ ಹಿಂದೆ ಕೂರಬಹುದಾ? ಅದಕ್ಕೇನಾದ್ರೂ ಷರತ್ತಿದೆಯಾ?”

ಧರ್ಮ ಭೂತಗನ್ನಡಿ ಎತ್ತಿಕೊಂಡು, ಗಂಭೀರವಾಗಿ ಅವಳ ಮುಖದ ಮುಂದೆ ಹಿಡಿದ.

“ಒಂದೇ ಒಂದೈತೆ. ಗಟ್ಟಿಯಾಗಿ ಹಿಡ್ಕೋಬೇಕು.”